ಮಾತಿನ ಮರ್ಮ: ‘ಚೇಂಜ್’ ಎಂಬ ಒಂದು ಪದ

ಮಸ್ಕಿಯಲ್ಲಿ ಬಸ್ಸು ಹತ್ತಿ ಕುಳಿತವರಿಗೆ ಇಂಗ್ಲಿಷಿನ ‘ಚೇಂಜ್’ ಎಂಬ ಪದವು ಎಷ್ಟು ವೇಷಗಳನ್ನು ತೊಡುವುದೆಂಬುದು ಬೇಗನೆ ತಿಳಿಯುತ್ತದೆ. ನಿರ್ವಾಹಕನು ಕೇಳುವ ಚೇಂಜು ಚಿಲ್ಲರೆ. ಸಿಂಧನೂರಿನಲ್ಲಿಳಿದು ಬೇರೊಂದು ಬಸ್ಸನ್ನು ಹಿಡಿಯುವುದೂ ಚೇಂಜು. ವೈದ್ಯರು ರೋಗಿಗೆ ಹೇಳುವುದು ಹವಾ ಬದಲಾವಣೆ. ಮದುವೆಮನೆಯಲ್ಲಿ ಸೀರೆಯನ್ನು ಬದಲಿಸುವುದೂ ಅದೇ ಮಾತು!

ಈ ಪದದ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ಒಂದನ್ನು ಕೊಟ್ಟು ಮತ್ತೊಂದನ್ನು ಕೊಳ್ಳುವುದೆಂದೇ ಅದರ ಮೊದಲಿನ ಅರ್ಥ. ನಮ್ಮ ‘ಮಾರು’ ಎಂಬ ಮಾತೂ ಹೀಗೆಯೇ. ಹಳಗನ್ನಡದಲ್ಲಿ ‘ಮಾಱು’ ಎಂದು ಬರೆಯುತ್ತಿದ್ದ ಈ ಪದದ ಬೇರಿನಲ್ಲಿ ಮಾರಾಟವೂ ಉಂಟು, ಮಾರ್ಪಾಟೂ ಉಂಟು. ‘ಬದಲು’ ಎಂಬುದು ಅರಬ್ಬಿಯಿಂದ ಬಂದುದು. ಒಂದರ ಸ್ಥಾನದಲ್ಲಿ ಮತ್ತೊಂದು ಎಂಬುದೇ ಅಲ್ಲಿಯೂ ಭಾವ.

ರಾಯಚೂರು ಸೀಮೆಯವರು ಈ ಕೊಡುಕೊಳೆಯ ಅರ್ಥವನ್ನು ಕೈಯಲ್ಲಿಯೇ ಎಣಿಸಿದವರು. ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ತುಂಗಭದ್ರೆಯನ್ನು ದಾಟಿ ಬಳ್ಳಾರಿಗೆ ಹೋದರೆ ಬ್ರಿಟಿಷರ ಕಲ್ದಾರ ಬೇಕು. ೭ ಹಾಲಿ ಸಿಕ್ಕಾ ಕೊಟ್ಟರೆ ಸುಮಾರು ೬ ಕಲ್ದಾರ. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ೧೯೫೭ರಲ್ಲಿ ಆಣೆಯ ಲೆಕ್ಕ ಹೋಗಿ ರೂಪಾಯಿಗೆ ೧೦೦ ನಯಾ ಪೈಸೆಯಾಯಿತು. ಆದರೂ ‘ಹದಿನಾರಾಣೆ ಸತ್ಯ’ವೆಂಬುದು ನಮ್ಮ ನಾಲಗೆಯಲ್ಲಿ ಇಂದಿಗೂ ಸಲ್ಲುವ ನಾಣ್ಯವೇ ಆಗಿದೆ.

ಕೊಟ್ಟು ಕೊಳ್ಳಲಾಗದ ಮಾರ್ಪಾಟೂ ಒಂದುಂಟು. ಅದರ ಸಾಕ್ಷಿಯು ಮಸ್ಕಿಯ ಬಂಡೆಯಮೇಲೆಯೇ ಇದೆ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ ಎಂಬವರು ಅಲ್ಲಿಯ ಶಾಸನವನ್ನು ಕಂಡುಹಿಡಿದರು. ಅದುವರೆಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ತಿಳಿದಿದ್ದ ದೊರೆಯ ‘ಅಶೋಕ’ ಎಂಬ ಹೆಸರು ಆ ಕಲ್ಲಿನಲ್ಲಿ ಸ್ಪಷ್ಟವಾಗಿ ದೊರೆಯಿತು. ಕಳಿಂಗದ ಯುದ್ಧವು ಅವನನ್ನು ಮಾರ್ಪಡಿಸಿತೆಂದು ನಾವು ಪಾಠಶಾಲೆಯಲ್ಲಿ ಓದಿದ್ದೇವೆ, ಎಲ್ಲವೂ ಒಂದೇ ದಿನದಲ್ಲಿ ಆಯಿತೋ ಎಂಬಂತೆ. ಅರಸನು ತಾನೇ ಹೇಳುವುದು ಬೇರೆ. ಬುದ್ಧನ ದಾರಿಯನ್ನು ಹಿಡಿದು ಎರಡೂವರೆ ವರ್ಷಗಳು ಮೀರಿದುವೆಂದೂ, ಮೊದಲ ಒಂದು ವರ್ಷ ತಾನು ಹೆಚ್ಚಾಗಿ ಪ್ರಯತ್ನಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆಯೇ ಶ್ರಮಿಸಿದೆನೆಂದೂ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಇದೇ ಶಾಸನದ ಪಾಠವು ತಿಳಿಸುತ್ತದೆ. ಚಕ್ರವರ್ತಿಗೂ ಅಷ್ಟು ಕಾಲ ಬೇಕಾಯಿತು! ಈ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆಂಬ ಮಾತು ಮಸ್ಕಿಯ ಕಲ್ಲಿನಲ್ಲಿಯೂ ಉಂಟು.

“ನಮ್ಮ ಹುಡುಗ ಬಹಳ ಚೇಂಜ್ ಆಗಿದ್ದಾನೆ” ಎಂದು ತಾಯಂದಿರು ನಿಟ್ಟುಸಿರಿಡುವುದನ್ನು ಎಲ್ಲರೂ ಕೇಳಿರುವೆವು. ಏನಾಗಿದ್ದಾನೆ, ತಾಯಿ? ಬೆಳೆದನೆ, ಬೇಸತ್ತನೆ, ಬಿಗುಮಾನಿಯಾದನೆ, ದೂರವಾದನೆ? ಒಂದೊಂದಕ್ಕೂ ಮದ್ದು ಬೇರೆ. ಬೆಳೆದವನನ್ನು ಗದರಿಸುವುದು ತಪ್ಪು. ಬೇಸತ್ತವನನ್ನು ಸುಮ್ಮನೆ ಬಿಡುವುದೂ ತಪ್ಪು. ಒಂದೇ ಪದದಲ್ಲಿ ನಾಲ್ಕು ನೋವುಗಳನ್ನು ಕಟ್ಟಿಟ್ಟರೆ ಯಾವ ನೋವಿಗೂ ಔಷಧ ಸಿಕ್ಕದು. ಚಿಲ್ಲರೆಗೆ ಚೇಂಜೆಂದರೆ ನಷ್ಟವೇನೂ ಇಲ್ಲ. ಮಗನ ಮಾತು ಬಂದಾಗ ಮಾತ್ರ, ತಾಳ್ಮೆಯಿಂದ ಕುಳಿತು, ಸರಿಯಾದ ಕನ್ನಡ ಪದವನ್ನು ಹುಡುಕಿ ಆಡೋಣ.