ಕ್ಲಚ್ ಸುಟ್ಟರೆ ತಪ್ಪು ಯಾರದು?

ಮಳೆ ಹಿಂದೆಗೆಯುತ್ತಿದ್ದಂತೆ ಬೋವಿಕಾನದ ಸುತ್ತಲಿನ ಅಡಿಕೆ ತೋಟಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು ಏಳುತ್ತದೆ. ಸಂಜೆಯ ಹೊತ್ತಿಗೆ ಯಂತ್ರದಿಂದ ಸುಟ್ಟ ವಾಸನೆ ಬರತೊಡಗಿದರೆ, ಎಂಜಿನ್ ಅಬ್ಬರಿಸಿದರೂ ಬ್ಲೇಡಿಗೆ ಬಲ ಸಾಲದೆ ಹೋದರೆ, ‘ಕ್ಲಚ್ ಹೋಯಿತು’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಹೊಸ ಕ್ಲಚ್ ಹಾಕುತ್ತಾರೆ. ಸ್ವಲ್ಪ ಕಾಲದಲ್ಲಿ ಅದೂ ಸುಡುತ್ತದೆ. ವಿಚಾರಣೆ ನಡೆಸದೆ ಶಿಕ್ಷೆ ವಿಧಿಸಿದರೆ ಆಗುವುದು ಇಷ್ಟೇ.

ಈ ಪುಟ್ಟ ಕ್ಲಚ್ಚಿನ ಬಂಧುಬಳಗ ದೊಡ್ಡದು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬವರು ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಮೊದಲ ಕಾರ್ಟ್ ವಾಹನವನ್ನು ಕಟ್ಟಿದರು. ನೆಲಕ್ಕೆ ತಾಗುವಂತೆ ಕುಳಿತು ಓಡಿಸುವ ಆ ಪಂದ್ಯದ ಬಂಡಿಗೆ ಇಂದು ಬೆಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಅಂಗಣಗಳಿವೆ. ಗೇರಿಲ್ಲದ ಅನೇಕ ಕಾರ್ಟ್‌ಗಳಲ್ಲಿ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗೇರಿಲ್ಲದ ಸ್ಕೂಟರಿನಲ್ಲಿ, ತೋಟದ ಯಂತ್ರದಲ್ಲಿ ಇರುವುದು ಒಂದೇ ಜಾತಿಯ ಕ್ಲಚ್: ಕೇಂದ್ರಾಪಗಾಮಿ ಕ್ಲಚ್.

ಅದರ ರಚನೆ ಸರಳ. ತಿರುಗುವ ಅಕ್ಷಕ್ಕೆ ಎರಡು ಮೂರು ಶೂಗಳನ್ನು ಜೋಡಿಸಿ, ಸ್ಪ್ರಿಂಗುಗಳಿಂದ ಒಳಕ್ಕೆ ಬಿಗಿದಿರುತ್ತಾರೆ. ಹೊರಗೆ ಬಟ್ಟಲಿನಂತಹ ಡ್ರಮ್ ಇರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಪ್ರಿಂಗಿನ ಎಳೆತವೇ ಗೆಲ್ಲುತ್ತದೆ, ಡ್ರಮ್ ಸುಮ್ಮನಿರುತ್ತದೆ. ವೇಗ ಹೆಚ್ಚಿದಾಗ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ. ಹೊರಕ್ಕೆಳೆಯುವ ಈ ಪ್ರಭಾವ ವೇಗದ ವರ್ಗಕ್ಕೆ ಅನುಗುಣವಾದುದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಲೆಕ್ಕ ಹಾಕಬಲ್ಲರು: ನಿಮಿಷಕ್ಕೆ 3,000 ಸುತ್ತು 6,000 ಆದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಬಿಸಿಯ ಮೂಲ ವೇಗವಲ್ಲ, ಜಾರುವಿಕೆ. ಶೂ ಮತ್ತು ಡ್ರಮ್ ಒಂದೇ ವೇಗದಲ್ಲಿ ತಿರುಗುವಾಗ ಅವುಗಳ ನಡುವೆ ಉಜ್ಜಾಟವಿಲ್ಲ. ಆದುದರಿಂದ ಶಾಖವೂ ಇಲ್ಲ. ಅರ್ಧ ಹಿಡಿದು ಅರ್ಧ ಜಾರುವ ಸ್ಥಿತಿಯಲ್ಲಿ ಮಾತ್ರ ಎಂಜಿನ್ನಿನ ಶಕ್ತಿ ಕೆಲಸಕ್ಕೆ ಸಲ್ಲದೆ ಬೆಂಕಿಯಾಗುತ್ತದೆ. ಕಾರ್ಟ್ ಓಡಿಸುವವನ ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಎಕ್ಸಿಲರೇಟರಿನ ಮೇಲೆ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತುವ ಚಾಳಿಯಿದ್ದರೆ ಕ್ಲಚ್ ಬಹಳ ಕಾಲ ಬಾಳದು. ಚೆರ್ಕಳ–ಜಾಲ್ಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಏರುದಾರಿಗಳಲ್ಲಿ ಸ್ಕೂಟರನ್ನು ಬ್ರೇಕಿನಿಂದ ಹಿಡಿಯದೆ ಎಕ್ಸಿಲರೇಟರಿನಿಂದಲೇ ನಿಲ್ಲಿಸಿಕೊಳ್ಳುವವರು ಮಾಡುವುದೂ ಅದನ್ನೇ. ತೋಟದಲ್ಲಿ, ಪೆಟ್ರೋಲು ಉಳಿಯಲೆಂದು ಅರ್ಧ ವೇಗದಲ್ಲಿ ದಪ್ಪ ಪೊದೆಗೆ ಬ್ಲೇಡು ಒಡ್ಡುವುದು ಇದರ ಇನ್ನೊಂದು ರೂಪ.

ಆದುದರಿಂದ ಮೊದಲು ಸಾಕ್ಷ್ಯ ಸಂಗ್ರಹಿಸಬೇಕು. ಯಂತ್ರ ಪೂರ್ತಿ ಆರಿದ ಮೇಲೆ, ಪ್ಲಗ್ಗಿನ ತೊಪ್ಪಿ ಕಳಚಿ, ಕ್ಲಚ್ಚಿನ ಮುಚ್ಚಳ ತೆರೆಯಬೇಕು. ಡ್ರಮ್ಮಿನ ಬಣ್ಣವೇ ಮೊದಲ ಸಾಕ್ಷಿ. ಉಕ್ಕು ಸುಮಾರು 230 ಡಿಗ್ರಿ ಸೆಲ್ಸಿಯಸಿನಲ್ಲಿ ಒಣಹುಲ್ಲಿನ ಹಳದಿಗೂ, 300ರ ಆಸುಪಾಸಿನಲ್ಲಿ ನೀಲಿಗೂ ತಿರುಗುತ್ತದೆ. ಆರಿದ ಮೇಲೂ ಆ ಬಣ್ಣ ಅಳಿಯದು. ಶೂಗಳ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅವು ಬಹುಕಾಲ ಜಾರಿವೆ ಎಂದರ್ಥ. ಜಿಡ್ಡಿದ್ದರೆ ಎಂಜಿನ್ನಿನ ಸೀಲಿನಿಂದ ಎಣ್ಣೆಯೋ ಬೇರಿಂಗಿನಿಂದ ಗ್ರೀಸೋ ಸಿಡಿದಿದೆ. ಒಂದು ಶೂ ಮಾತ್ರ ಸವೆದಿದ್ದರೆ ಸ್ಪ್ರಿಂಗುಗಳ ಬಿಗಿ ಸಮನಾಗಿಲ್ಲದಿರಬಹುದು.

ಕ್ಲಚ್ಚಿನಲ್ಲಿ ದೋಷ ಕಾಣದಿದ್ದರೆ ವಿಚಾರಣೆ ಅದರ ನೆರೆಹೊರೆಗೆ ಸಾಗಬೇಕು. ಬ್ಲೇಡಿನ ಬುಡಕ್ಕೆ ಬಳ್ಳಿ ಸುತ್ತಿದೆಯೇ? ಬ್ಲೇಡು ಮೊಂಡಾಗಿದೆಯೇ, ಯಂತ್ರಕ್ಕೆ ಹೇಳಿದ ಅಳತೆಗಿಂತ ದೊಡ್ಡದೇ? ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿ ಎಂಜಿನ್ ಪೂರ್ಣ ವೇಗಕ್ಕೆ ಏರುತ್ತಿಲ್ಲವೇ? ಕಾರ್ಟಿನಲ್ಲಿ ಇದೇ ಪ್ರಶ್ನೆ ಚೈನು ಚಕ್ರದ ಹಲ್ಲುಗಳದ್ದು. ಹಿಂದಿನ ಅಕ್ಷದ ಹಲ್ಲುಚಕ್ರ ತೀರಾ ಚಿಕ್ಕದಾದರೆ ಪ್ರತಿ ಸಲ ಹೊರಡುವಾಗಲೂ, ಪ್ರತಿ ಕಿರಿದಾದ ತಿರುವಿನಲ್ಲಿಯೂ ಕ್ಲಚ್ ಹೆಚ್ಚು ಹೊತ್ತು ಜಾರಬೇಕಾಗುತ್ತದೆ. ಹೊರೆ ಬೇರೆಯವರದು, ಸುಡುವುದು ಕ್ಲಚ್.

ದುರಸ್ತಿಗೂ ಕ್ರಮವಿದೆ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬಾರದು. ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಹೊಳಪು ತೆಳುವಾಗಿದ್ದರೆ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿ ತೆಗೆಯಬಹುದು. ಹಳೆಯ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಧೂಳನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸುವುದು ಲೇಸು. ಗ್ರೀಸ್ ಬೇರಿಂಗಿಗೆ ಮಾತ್ರ, ಅದೂ ಮಿತವಾಗಿ. ಶೂಗಳನ್ನು ಒಂದೊಂದಾಗಿ ಬದಲಿಸದೆ ಸ್ಪ್ರಿಂಗುಗಳ ಸಹಿತ ಒಟ್ಟಾಗಿ ಬದಲಿಸಬೇಕು, ಏಕೆಂದರೆ ಬೆಂದ ಸ್ಪ್ರಿಂಗು ತನ್ನ ಬಿಗಿಯನ್ನು ಕಳೆದುಕೊಂಡಿರುತ್ತದೆ. ಕಡುನೀಲಿಗೆ ತಿರುಗಿ ಬಿರುಕು ಬಿಟ್ಟ ಡ್ರಮ್ಮನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಸ್ಪ್ರಿಂಗು ಸಡಿಲವಾದಾಗಿನ ಅಪಾಯ ಹಣದ ನಷ್ಟಕ್ಕಿಂತ ದೊಡ್ಡದು. ಶೂಗಳು ಹಿಂದಕ್ಕೆ ಬಾರದೆ ಡ್ರಮ್ಮಿಗೆ ತಾಗಿಯೇ ಇದ್ದರೆ, ಎಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡು ತಿರುಗುತ್ತಲೇ ಇರುತ್ತದೆ. ಬೆವರು ಒರಸಲು ನಿಂತವನ ಕಾಲ ಬಳಿ, ಚಹಾ ತಂದ ಮಗುವಿನ ಮುಂದೆ, ನಿಂತಿದೆಯೆಂದು ನಂಬಿದ ಬ್ಲೇಡು ಆಗ ತಿರುಗುತ್ತಿರುತ್ತದೆ. ಕಾರ್ಟಿನಲ್ಲಾದರೆ ಬಂಡಿ ತಾನಾಗಿ ಮುಂದಕ್ಕೆ ತೆವಳುತ್ತದೆ; ಸ್ಕೂಟರಿನಲ್ಲಾದರೆ ಸ್ಟ್ಯಾಂಡಿನ ಮೇಲಿರುವಾಗಲೂ ಹಿಂದಿನ ಚಕ್ರ ಬಲವಾಗಿ ಸುತ್ತುತ್ತದೆ. ಹೊಸ ಯಂತ್ರದಲ್ಲಿಯೂ ಐಡ್ಲಿಂಗ್ ವೇಗವನ್ನು ಅತಿಯಾಗಿ ಏರಿಸಿಟ್ಟರೆ ಇದೇ ಫಲ.

ಹೊಸ ಯಂತ್ರದ ಕ್ಲಚ್ ಬೇಗನೆ ಸುಟ್ಟರೆ ಕಳಚಿದ ಭಾಗಗಳನ್ನು ಗುಜರಿಗೆ ಕೊಡಬಾರದು. ಸವೆಯುವ ಭಾಗವೆಂದು ಕ್ಲಚ್ಚನ್ನು ವಾರಂಟಿಯಿಂದ ಹೊರಗಿಡುವುದು ವಾಡಿಕೆ. ಆದರೆ ಸವೆತ ಬೇರೆ, ತಯಾರಿಕೆಯ ದೋಷ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದಲ್ಲಿ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿದೆ. ಬಿಲ್ಲು ಮತ್ತು ನೀಲಿಗಟ್ಟಿದ ಡ್ರಮ್ ಮನೆಯಲ್ಲಿದ್ದರೆ ಮಾತ್ರ ಆ ದಾರಿ ತೆರೆದಿರುತ್ತದೆ.

ಎಲ್ಲಕ್ಕೂ ಮೊದಲು ಪ್ರತಿದಿನ ಮಾಡಬೇಕಾದ ಒಂದು ಪರೀಕ್ಷೆಯಿದೆ, ಅದಕ್ಕೆ ಖರ್ಚಿಲ್ಲ. ಬ್ಲೇಡು ನೆಲಕ್ಕೂ ಹುಲ್ಲಿಗೂ ತಾಗದಂತೆ ಹಿಡಿದು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ ಹಚ್ಚಿ ಎಕ್ಸಿಲರೇಟರ್ ಬಿಡಬೇಕು. ಬ್ಲೇಡು ನಿಶ್ಚಲವಾಗಿ ನಿಂತರೆ ಕೆಲಸಕ್ಕೆ ಹೊರಡಬಹುದು. ನಿಲ್ಲದಿದ್ದರೆ ಆ ದಿನದ ಹುಲ್ಲು ಮರುದಿನಕ್ಕೆ ಉಳಿಯಲಿ.