ಕಾವಲಿನ ಗಾದಿ ಮತ್ತು ಶಾಸನಸಭೆ

ತಿಪಟೂರಿನ ಕೊಬ್ಬರಿ ಪೇಟೆಯಲ್ಲಿ ಚೀಲ ಬಿಚ್ಚಿ ನೋಡದೆ ಬೆಲೆ ಹೇಳುವ ವರ್ತಕನಿಲ್ಲ. ಅಟ್ಟದ ಮೇಲಿನ ಕಾಯನ್ನು ಅಲ್ಲಾಡಿಸಿ, ಒಳಗಿನ ಗಿಟುಕಿನ ಸದ್ದು ಕೇಳದೆ ಸುಲಿಯುವ ರೈತನೂ ಇಲ್ಲ. ಒಂದು ಚೀಲ ಕೊಬ್ಬರಿಗೆ ಇಷ್ಟು ಪರೀಕ್ಷೆ! ಆದರೆ ಇಡೀ ರಾಜ್ಯದ ನೀರು, ಗಾಳಿಗಳನ್ನು ಕಾಯಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಧ್ಯಕ್ಷರನ್ನು ಆರಿಸುವಾಗ ಯಾರು, ಎಲ್ಲಿ, ಏನನ್ನು ಪರೀಕ್ಷಿಸುತ್ತಾರೆ? ಸರ್ಕಾರದ ಒಂದು ಆದೇಶ ಹೊರಡುತ್ತದೆ. ಮರುದಿನ ಹಾರ ಹಾಕಿಸಿಕೊಂಡ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿಗೆ ಮುಗಿಯಿತು.

ಇದು ಬೆಂಗಳೂರಿನವರ ವಿಚಾರ, ತೆಂಗನ್ನು ನಂಬಿದ ನಮಗೇನು ಎಂದು ಕೇಳುವವರಿದ್ದಾರೆ. ಅವರು ಚಿಕ್ಕನಾಯಕನಹಳ್ಳಿಯ ಗಣಿ ಸೀಮೆಯನ್ನು ನೆನೆಯಲಿ. ಗಣಿಗಾಗಲಿ, ಹೊಗೆಯನ್ನೋ ಕೊಳೆ ನೀರನ್ನೋ ಹೊರಬಿಡುವ ಕಾರ್ಖಾನೆಗಾಗಲಿ ಈ ಮಂಡಳಿಯ ಸಮ್ಮತಿ ಬೇಕು, ಸ್ಥಾಪಿಸುವುದಕ್ಕೊಮ್ಮೆ, ನಡೆಸುವುದಕ್ಕೊಮ್ಮೆ. ಹೀಗಿದ್ದೂ ಅದಿರಿನ ಕೆಂಧೂಳು ತೆಂಗಿನ ಗರಿಗಳ ಮೇಲೆ ಕುಳಿತಿತು. ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2011ರ ಆಗಸ್ಟ್ 26ರಂದು, ಸುಪ್ರೀಂ ಕೋರ್ಟಿನ ಆಜ್ಞೆಯಿಂದ. ಅದಕ್ಕೆ ದಾರಿಯಾದದ್ದು ಸಮಾಜ ಪರಿವರ್ತನ ಸಮುದಾಯದವರು 2009ರಲ್ಲಿ ಹೂಡಿದ ಅರ್ಜಿ. ಕಾವಲಿಗೆಂದೇ ನೇಮಕವಾದ ಮಂಡಳಿ ಮಾಡಬೇಕಾದ ಕೆಲಸಕ್ಕೆ ದೆಹಲಿಯ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಕಾನೂನು ಏನು ಹೇಳುತ್ತದೆ? 1974ರ ಜಲಮಾಲಿನ್ಯ ಕಾಯಿದೆಯ 4ನೆಯ ವಿಧಿಯಂತೆ, ಅಧ್ಯಕ್ಷರಾಗುವವರಿಗೆ ಪರಿಸರ ರಕ್ಷಣೆಯ ವಿಷಯದಲ್ಲಿ ವಿಶೇಷ ಜ್ಞಾನವೋ, ಅನುಭವವೋ, ಇಲ್ಲವೆ ಅಂಥ ಸಂಸ್ಥೆಗಳನ್ನು ನಡೆಸಿದ ಅನುಭವವೋ ಇರಬೇಕು. ಆರಿಸುವವರು ರಾಜ್ಯ ಸರ್ಕಾರದವರು. ಆ ಜ್ಞಾನ ಇದೆಯೇ ಎಂದು ತೀರ್ಮಾನಿಸುವವರೂ ಅವರೇ! ಪ್ರಶ್ನೆಪತ್ರಿಕೆ ಬರೆದವರೇ ತಮ್ಮ ಮನೆಯ ಹುಡುಗನ ಉತ್ತರವನ್ನು ತಿದ್ದಿದರೆ ಯಾವ ಹುಡುಗ ತಾನೇ ನಪಾಸಾದಾನು? ರಾಜ್ಯಗಳ ಈ ಪರಿಪಾಠವನ್ನು ಕಂಡೇ ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರ್ 22ರಂದು, ಆರು ತಿಂಗಳೊಳಗೆ ನೇಮಕದ ನಿಯಮಗಳನ್ನು ಮಾಡಿರೆಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಅನಂತರ ನಮ್ಮಲ್ಲಿ ಆದದ್ದೇನು? 2019ರ ಜೂನ್‌ನಲ್ಲಿ, ಸಮ್ಮಿಶ್ರ ಸರ್ಕಾರ ಓಲಾಡುತ್ತಿದ್ದಾಗ, ಚಿಕ್ಕಬಳ್ಳಾಪುರದ ಅಂದಿನ ಶಾಸಕ ಡಾ. ಕೆ. ಸುಧಾಕರ್ ಅವರಿಗೆ ಈ ಗಾದಿ ದೊರೆಯಿತು. ಮುಂದಿನ ತಿಂಗಳೇ ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2025ರಲ್ಲಿ ಮಳವಳ್ಳಿಯ ಶಾಸಕ ಶ್ರೀ ಪಿ. ಎಂ. ನರೇಂದ್ರಸ್ವಾಮಿಯವರು ನೇಮಕಗೊಂಡರು. ಬೇರೆ ಬೇರೆ ಸರ್ಕಾರಗಳು, ಹಿಡಿದ ದಾರಿ ಒಂದೇ. ನಾವು ವ್ಯಕ್ತಿಗಳ ಯೋಗ್ಯತೆಯನ್ನು ಇಲ್ಲಿ ತೂಗುತ್ತಿಲ್ಲ. ತೂಗುವುದಕ್ಕೆ ತಕ್ಕಡಿಯೇ ಇಲ್ಲವೆಂಬುದು ನಮ್ಮ ದೂರು.

ಶಾಸಕರು ಜನರು ಆರಿಸಿದವರಲ್ಲವೇ, ಅವರು ಅಧ್ಯಕ್ಷರಾದರೆ ಮಂಡಳಿ ಜನರ ಕೈಗೆ ಬಂದಂತಲ್ಲವೇ ಎಂದು ಕೆಲವರ ವಾದ. ಇದು ತಲೆಕೆಳಗಾದ ವಾದ. ಮಂಡಳಿ ಏಕೆ ಕಣ್ಣು ಮುಚ್ಚಿತೆಂದು ಸಭೆಯಲ್ಲಿ ಎದ್ದು ಕೇಳಲಿ ಎಂದೇ ಜನರು ಶಾಸಕರನ್ನು ಕಳುಹಿಸಿದ್ದು. ಕೇಳಬೇಕಾದವರೇ ಉತ್ತರ ಕೊಡುವ ಕುರ್ಚಿಯಲ್ಲಿ ಕುಳಿತರೆ ಕೇಳುವವರಾರು?

ಬೇರೆ ಕಡೆ ಹೇಗಿದೆ ನೋಡಿ. ಬ್ರಿಟನ್ನಿನಲ್ಲಿ ಹೊಸ ಪರಿಸರ ರಕ್ಷಣಾ ಕಚೇರಿಗೆ ಗ್ಲೆನಿಸ್ ಸ್ಟೇಸಿ ಎಂಬುವರನ್ನು ಸರ್ಕಾರ ಸೂಚಿಸಿದಾಗ, 2020ರ ಡಿಸೆಂಬರಿನಲ್ಲಿ ಕಾಮನ್ಸ್ ಸಭೆಯ ಎರಡು ಸಮಿತಿಗಳು ಅವರನ್ನು ಬಹಿರಂಗವಾಗಿ ಪ್ರಶ್ನಿಸಿದವು. ಅಮೆರಿಕದಲ್ಲಿ ಸೆನೆಟ್ ಸಭೆ ಮತ ಕೊಟ್ಟು ಒಪ್ಪದೆ ಪರಿಸರ ಸಂಸ್ಥೆಯ ಮುಖ್ಯಸ್ಥರಾಗುವಂತಿಲ್ಲ. ಅಷ್ಟು ದೂರವೇಕೆ? ನಮ್ಮದೇ 1984ರ ಲೋಕಾಯುಕ್ತ ಕಾಯಿದೆಯಲ್ಲಿ, ಲೋಕಾಯುಕ್ತರ ನೇಮಕಕ್ಕೆ ಮುನ್ನ ಮುಖ್ಯಮಂತ್ರಿಗಳು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು, ಸ್ಪೀಕರರು, ಪರಿಷತ್ತಿನ ಸಭಾಪತಿಗಳು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಇವರೊಡನೆ ಸಮಾಲೋಚಿಸಬೇಕೆಂದಿದೆ. ಲಂಚದ ಕಾವಲಿಗೆ ಬೇಕಾದದ್ದು ಬಾವಿಯ ನೀರಿನ ಕಾವಲಿಗೆ ಬೇಡವೇ?

ಸಮಿತಿಯಲ್ಲಿಯೂ ಆಳುವ ಪಕ್ಷದವರೇ ಹೆಚ್ಚಿರುವಾಗ ಪ್ರಯೋಜನವೇನು ಎನ್ನಬಹುದು. ಬ್ರಿಟನ್ನಿನ ಸಮಿತಿಗಳ ಅಭಿಪ್ರಾಯಕ್ಕೂ ಸರ್ಕಾರ ಕಟ್ಟುಬೀಳಬೇಕಾಗಿಲ್ಲ, ನಿಜ. ಆದರೆ ಹತ್ತು ಜನರೆದುರು ಪ್ರಶ್ನೆಗೆ ನಿಲ್ಲಬೇಕೆಂದು ತಿಳಿದಾಗ ಯಾರ ಹೆಸರನ್ನೆಂದರೆ ಅವರ ಹೆಸರನ್ನು ಸೂಚಿಸಲು ಸರ್ಕಾರವೇ ಅಳುಕುತ್ತದೆ. ಅಲ್ಲಿ ಆಡಿದ ಮಾತು ಕಡತದಲ್ಲಿ ಉಳಿಯುತ್ತದೆ. ನಾಳೆ ಜನರು ಅದನ್ನು ಎತ್ತಿ ತೋರಿಸಬಹುದು.

ಈಗ ಇದು ಇನ್ನೂ ತುರ್ತಿನ ವಿಷಯ. 2025ರ ಆಗಸ್ಟ್ 4ರ ತೀರ್ಪಿನಲ್ಲಿ, ಹೊಲಸು ಮಾಡಿದವರಿಂದ ಪರಿಹಾರದ ಹಣ ವಸೂಲು ಮಾಡುವ ಅಧಿಕಾರ ಮಂಡಳಿಗಳಿಗೆ ಉಂಟೆಂದು ಸುಪ್ರೀಂ ಕೋರ್ಟು ಹೇಳಿದೆ. 2024ರ ತಿದ್ದುಪಡಿಯಾದರೋ, ಅದನ್ನು ಒಪ್ಪಿದ ರಾಜ್ಯಗಳಲ್ಲಿ ಅಧ್ಯಕ್ಷರನ್ನು ಆರಿಸುವ ಕ್ರಮವನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಬೆಂಗಳೂರಿನ ಮರ್ಜಿ ಹೋಗಿ ದೆಹಲಿಯ ಮರ್ಜಿ ಬಂದರೆ ಜನರಿಗೇನು ಲಾಭ?

ನಮ್ಮ ಬೇಡಿಕೆ ಸರಳ. ಹೆಸರನ್ನು ಮೊದಲು ಪ್ರಕಟಿಸಿರಿ. ಎರಡೂ ಸದನಗಳ, ಎಲ್ಲ ಪಕ್ಷಗಳ ಸಮಿತಿಯೊಂದು ಬಾಗಿಲು ತೆರೆದು ಅವರನ್ನು ಪ್ರಶ್ನಿಸಲಿ. ವರದಿ ಸದನದ ಮುಂದೆ ಬಂದ ಮೇಲೆಯೇ ಆದೇಶ ಹೊರಡಲಿ. ಅಧಿಕಾರದಲ್ಲಿರುವ ಶಾಸಕರಿಗೆ ಈ ಗಾದಿ ಬೇಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತುತ್ತಾರೆಯೇ? ಓದುಗರು ತಂತಮ್ಮ ಶಾಸಕರನ್ನು ಕಂಡು ನೇರವಾಗಿ ಕೇಳಬೇಕು. ಉತ್ತರವನ್ನು ಬರೆಸಿಕೊಂಡು ಬರಬೇಕು.