ಗಾಳದ ಪುಸ್ತಕಗಳಲ್ಲಿ ನಮ್ಮ ಹೊಳೆಗಳಿವೆ

ಗಾಳ ಹಾಕಿ ಮೀನು ಹಿಡಿದವರು ಬರೆದ ಹಳೆಯ ಪುಸ್ತಕಗಳನ್ನು ನಾನು ಹುಡುಕಿ ಕೊಳ್ಳುತ್ತೇನೆ. ಈ ಹವ್ಯಾಸದವರಲ್ಲಿ ಹೆಚ್ಚಿನವರ ಕಣ್ಣು ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ತಂದ ಪುಸ್ತಕದ ಮೇಲೆ. ನನಗೆ ಬೇಕಿರುವುದು 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಪ್ರಕಟವಾದ ‘ದಿ ರಾಡ್ ಇನ್ ಇಂಡಿಯಾ’.

ಬರೆದವರು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಅವರನ್ನು ಬರೀ ಷೋಕಿಯ ಸಾಹೇಬ ಎಂದು ತಳ್ಳಿಹಾಕುವುದು ಅನ್ಯಾಯ. ಇದೇ ಜಿಲ್ಲೆಯ ಮೀನು ಸಂವರ್ಧನೆಯ ಬಗ್ಗೆ 1870ರಲ್ಲೇ ವರದಿ ಬರೆದು, ಸಣ್ಣ ಕಣ್ಣಿನ ಬಲೆಗಳಲ್ಲಿ ಮರಿಮೀನುಗಳು ನಾಶವಾಗುವುದನ್ನು ಸರ್ಕಾರದ ಗಮನಕ್ಕೆ ತಂದವರು ಅವರು. ಲೇಖಕರ ಬದುಕು ತಿಳಿದ ಮೇಲೆ ಮಹಶೀರ್ ಎಂಬ ಹೊಳೆಮೀನಿನ ಕುರಿತ ಅವರ ಪುಟಗಳನ್ನು ನಾನು ಓದುವ ರೀತಿಯೇ ಬದಲಾಯಿತು. ಇಂಥ ಪುಸ್ತಕಗಳಲ್ಲಿ ದೋಣಿ ನಡೆಸಿದ, ಮಡು ತೋರಿಸಿದ ಸ್ಥಳೀಯರ ಹೆಸರು ಅಪರೂಪ. ಆ ಕೊರತೆ ನನ್ನನ್ನು ಕಾಡುತ್ತದೆ.

ಆದರೂ ಈ ಪುಸ್ತಕಗಳು ಬೇಕು, ಏಕೆಂದರೆ ಆ ಹೊಳೆಗಳು ಬದಲಾಗಿವೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಆದರೆ ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟುಗಳಿಗೆ ಮೊದಲು ಯಾವ ಹೊಳೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ತೂಕದ ಮೀನು ಸಿಗುತ್ತಿತ್ತು ಎಂಬ ಲೆಕ್ಕ ಇಂಥ ಬರಹಗಳಲ್ಲಿ ಉಳಿದಿದೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇವನ್ನು ಕ್ರೀಡೆಯ ಕಪಾಟಿನಿಂದ ತೆಗೆದು ಪರಿಸರ ವಿಭಾಗದಲ್ಲಿಡಬೇಕು, ಸ್ಕ್ಯಾನ್ ಮಾಡಿಸಬೇಕು. ಮೀನುಗಾರಿಕೆ ಕಾಲೇಜಿನ ಹುಡುಗರ ಕೈಗೆ ಇವು ಸಿಗಲೇಬೇಕು.